ಮೆಕ್ಯಾನಿಕಲ್ ಓದಾಕ ಏನೇನ್ ಬೇಕು?

ಪಿಯುಸಿ ರಿಸಲ್ಟ್ ಬಂದ ಮರುದಿನ ಅಣ್ಣನ ಮಗಳು ಫೋನ್ ಮಾಡಿದ್ದಳು. "ಕಾಕಾ, ನಾ ಮೆಕ್ಯಾನಿಕಲ್ ತಗೋಬೇಕು ಅಂತ ಮಾಡೀನಿ. ಅದಕ್ಕ ಏನೇನ್ ಬೇಕು, ಸ್ವಲ್ಪ ಹೇಳ್ರಿ" ಅಂದಳು.

ನಾನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದೆ. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು. ಮೂರನೆಯದು ಕೆಮಿಸ್ಟ್ರಿ ಇದ್ದರೂ ಆಯಿತು, ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ಬಯಾಲಜಿಯೋ ಇದ್ದರೂ ಆಯಿತು. ಮೂರೂ ಸೇರಿ ಜನರಲ್‌ನವರಿಗೆ ಶೇ. 45, ಮೀಸಲಾತಿಯವರಿಗೆ ಶೇ. 40. ಒಂದು ಭಾಷೆಯಾಗಿ ಇಂಗ್ಲಿಷ್ ಓದಿರಬೇಕು. ಆಮೇಲೆ ಸಿಇಟಿ ರ‍್ಯಾಂಕ್. ಧಾರವಾಡದ ಐಐಟಿಯೇ ಬೇಕು ಅಂದರೆ ಜೆಇಇ ಅಡ್ವಾನ್ಸ್ಡ್, ಜೊತೆಗೆ ಹನ್ನೆರಡನೆಯದರಲ್ಲಿ ಶೇ. 75 ಇಲ್ಲವೇ ನಿಮ್ಮ ಬೋರ್ಡಿನ ಮೇಲಿನ ಇಪ್ಪತ್ತು ಪರ್ಸೆಂಟೈಲ್. ಮುಗೀತು.

ಅರ್ಧ ನಿಮಿಷದ ಉತ್ತರ. ಆದರೆ ಫೋನ್ ಇಟ್ಟ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ನಮ್ಮ ದೊಡ್ಡಪ್ಪ ನೆನಪಾದರು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಒಂದು ಶಾಫ್ಟನ್ನು ಬೆರಳಿನಿಂದ ಸವರಿ "ಎರಡು ಥೌ ಜಾಸ್ತಿ ಅದ" ಅನ್ನುತ್ತಿದ್ದರು. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಮೈಕ್ರೋಮೀಟರ್ ಹಚ್ಚಿ ನೋಡಿದರೆ ಅಷ್ಟೇ ಇರುತ್ತಿತ್ತಂತೆ! (ಇದು ಅವರೇ ಹೇಳಿದ್ದು, ಸ್ವಲ್ಪ ಉಪ್ಪುಖಾರ ಕಳೆದುಕೊಂಡು ಓದಿಕೊಳ್ಳಿ.) ಇಂಥವರು ಎಂಜಿನಿಯರ್ ಆಗಬೇಕು ಅಂತ ಆಸೆಪಟ್ಟಿದ್ದರು, ಆಗಲಿಲ್ಲ. ಅದೇ ಊರಲ್ಲಿ ಎಂಜಿನಿಯರಿಂಗ್ ಕಾಲೇಜು ಇತ್ತು. ಮತ್ತೆ ಯಾಕಾಗಲಿಲ್ಲ? ಈ "ಏನೇನ್ ಬೇಕು" ಅನ್ನುವ ಪ್ರಶ್ನೆಗೆ ನಮ್ಮ ಅವಳಿ ಊರುಗಳಲ್ಲಿ ಕಾಲಕಾಲಕ್ಕೆ ಏನು ಉತ್ತರ ಇತ್ತು ಅಂತ ಒಂದಿಷ್ಟು ಕೆದಕಿದೆ. ಸಿಕ್ಕಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

*

ಮೊದಲು ವರ್ಕ್‌ಶಾಪ್ ಬಂತು, ಕಾಲೇಜು ಬಂದದ್ದು ಆಮೇಲೆ, ಅದೂ ಅರವತ್ತು ವರ್ಷದ ನಂತರ. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ, ಹುಬ್ಬಳ್ಳಿ ವರ್ಕ್‌ಶಾಪ್ 1885ರ ಹೊತ್ತಿಗೆ. ಅಂದರೆ ಉಗಿ ಎಂಜಿನ್ನಿನ ಹೊಟ್ಟೆ ಬಿಚ್ಚಿ ಜೋಡಿಸುವ ವಿದ್ಯೆ ನಮ್ಮ ಊರಿಗೆ ಬಂದಾಗ, ಅದನ್ನು ಪುಸ್ತಕದಿಂದ ಕಲಿಸುವ ಜಾಗ ಸುತ್ತ ನೂರಾರು ಮೈಲಿಯಲ್ಲಿ ಇರಲಿಲ್ಲ. ಕಮ್ಮಾರರ, ಬಡಿಗೇರರ ಮಕ್ಕಳು ಅಪ್ರೆಂಟಿಸ್ ಆಗಿ ಸೇರಿ ಕೈಯಿಂದ ಕಲಿತರು. ಅವರಿಗೆ ಬೇಕಾಗಿದ್ದ 'ಅರ್ಹತೆ' ಅಂದರೆ ಗಟ್ಟಿ ರಟ್ಟೆ, ಒಳಗೆ ಪರಿಚಯದವರು ಒಬ್ಬರು.

ಪದವಿ ಬೇಕು ಅಂದವನು ಏನು ಮಾಡಬೇಕಿತ್ತು? ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು ಅನ್ನುವುದನ್ನು ನೆನಪಿಡಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜು ಪುಣೆಯದು. ಅದು 1854ರಲ್ಲಿ ಶುರುವಾದಾಗಿನ ಹೆಸರೇ 'ಪೂನಾ ಎಂಜಿನಿಯರಿಂಗ್ ಕ್ಲಾಸ್ ಅಂಡ್ ಮೆಕ್ಯಾನಿಕಲ್ ಸ್ಕೂಲ್'. ಹೆಸರಲ್ಲಿ ಮೆಕ್ಯಾನಿಕಲ್ ಇದ್ದರೂ ಸರಕಾರಕ್ಕೆ ಬೇಕಾಗಿದ್ದು ರಸ್ತೆ, ಸೇತುವೆ, ಕಾಲುವೆ ಕಟ್ಟಿಸುವ ಕೈಕೆಳಗಿನ ನೌಕರರು. ಅಲ್ಲಿಂದ 1883ರಲ್ಲಿ ಪಾಸಾದ ನಮ್ಮ ವಿಶ್ವೇಶ್ವರಯ್ಯನವರದೂ ಸಿವಿಲ್ಲೇ, ಎಲ್.ಸಿ.ಇ. ಮೆಕ್ಯಾನಿಕಲ್ಲಿಗೆ ಪದವಿ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಮುಂಬೈಯಲ್ಲಿ 1887ರಲ್ಲಿ ಶುರುವಾದ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಎಲ್.ಎಂ.ಇ. ಅಂತ ಲೈಸೆನ್ಷಿಯೇಟ್ ಕೊಡುತ್ತಿದ್ದರು. ದಕ್ಷಿಣಕ್ಕೆ ಹೋದರೆ 1917ರಲ್ಲಿ ವಿಶ್ವೇಶ್ವರಯ್ಯನವರೇ ಹುಟ್ಟುಹಾಕಿದ ಬೆಂಗಳೂರಿನ ಕಾಲೇಜು. ಆದರೆ ಅದು ಮೈಸೂರು ಮಹಾರಾಜರ ಸೀಮೆ, ನಮ್ಮವರಿಗೆ ಪರರಾಜ್ಯ. ಭಾಷೆ ಒಂದೇ, ಸರಕಾರ ಬೇರೆ!

ಹಾಗಾಗಿ ಧಾರವಾಡದ ಹುಡುಗನ ದಾರಿ ಹೀಗಿತ್ತು: ಕನ್ನಡ ಶಾಲೆ, ಇಂಗ್ಲಿಷ್ ಹೈಸ್ಕೂಲು, ಮುಂಬೈ ವಿಶ್ವವಿದ್ಯಾಲಯದ ಮ್ಯಾಟ್ರಿಕ್, ಕರ್ನಾಟಕ ಕಾಲೇಜಿನಲ್ಲಿ (ಇದೂ 1917ರದೇ) ಇಂಟರ್, ಆಮೇಲೆ ಪುಣೆಯ ರೈಲು. ಪುಣೆಯಲ್ಲಿ ಊಟ, ರೂಮು, ಪುಸ್ತಕ. ನಿಯಮದಲ್ಲಿ ಬರೆದದ್ದು ಇಂಟರ್ ಮಾತ್ರ. ಬರೆಯದೆ ಇದ್ದದ್ದು ಜಮೀನು ಇರುವ ಅಪ್ಪ, ಪುಣೆಯಲ್ಲಿ ಒಬ್ಬ ಸಂಬಂಧಿ ಮತ್ತು ಇಂಗ್ಲಿಷು.

ಇಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಮಾತು ಹೇಳದೆ ಮುಂದೆ ಹೋಗಲಾರೆ. 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯಲು ಮುಂಬೈಯ ಜೆ.ಜೆ. ಸ್ಕೂಲಿಗೆ ಹೋದರು. ಬಣ್ಣಗಳು ಸರಿಯಾಗಿ ಕಾಣುವುದಿಲ್ಲ ಅಂತ ಗೊತ್ತಾಗಿ ಪೇಂಟಿಂಗ್ ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. ಅದನ್ನೇ ಆ ವಿಕ್ಟೋರಿಯಾ ಜುಬಿಲಿಯಲ್ಲಿ ಪಾಠ ಮಾಡಿದರು. ಆಮೇಲೆ ಬೆಳಗಾವಿಗೆ ಬಂದು ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ. ಎಂಜಿನಿಯರಿಂಗ್ ಪದವಿ ಇಲ್ಲ. ಇವತ್ತು ಅವರು ಎದ್ದು ಬಂದು ನಮ್ಮ ಯಾವುದಾದರೂ ಕಾಲೇಜಿನಲ್ಲಿ ಮೆಷಿನ್ ಡ್ರಾಯಿಂಗ್ ಕಲಿಸುತ್ತೇನೆ ಅಂದರೆ, ಎಂ.ಟೆಕ್ ಎಲ್ಲಿ ಅಂತ ಕೇಳಿ ವಾಪಸ್ ಕಳಿಸುತ್ತಾರೆ.

*

1947. ಕೆ.ಎಲ್.ಇ. ಸಂಸ್ಥೆ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ್ದು, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ದಾನಿಗಳಾದ ಭೂಮರಡ್ಡಿಯವರ ಹೆಸರಿನಲ್ಲಿ ಬಿ.ವಿ. ಭೂಮರಡ್ಡಿ ಕಾಲೇಜು, ನಮ್ಮೆಲ್ಲರ ಬಾಯಲ್ಲಿ 'ಬಿವಿಬಿ'. ಅದೇ ವರ್ಷ ಸಾಂಗ್ಲಿಯಲ್ಲೂ ಒಂದು ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಸ್ವಾತಂತ್ರ್ಯ ಬಂದ ವರ್ಷ ಎರಡು ಊರಿನವರಿಗೆ ಒಂದೇ ಯೋಚನೆ ಬಂದದ್ದು ನೋಡಿ. ಇನ್ನು ಮೇಲೆ ಅಣೆಕಟ್ಟು, ಕಾರ್ಖಾನೆ ಎಲ್ಲ ನಾವೇ ಕಟ್ಟಿಕೊಳ್ಳಬೇಕು, ಹುಡುಗರನ್ನು ಎಷ್ಟಂತ ಪುಣೆಗೆ ಕಳಿಸುವುದು?

ಶುರುವಿಗೆ ಬಿವಿಬಿ ಮುಂಬೈ ವಿಶ್ವವಿದ್ಯಾಲಯದ ಕೆಳಗಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. ತಮಾಷೆ ಅಂದರೆ ಅದು ಹುಟ್ಟಿದ್ದು ಮುಂಬೈಯಲ್ಲಿ, ಧಾರವಾಡಕ್ಕೆ ಬಂದದ್ದು ಮರುವರ್ಷ. ಆಮೇಲೆ ಕಾಲೇಜು ಇದರ ಕೆಳಗೆ ಬಂತು. 1954ರಿಂದ 67ರವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು ಕೇಂಬ್ರಿಜ್ಜಿನಲ್ಲಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿದ್ದವರು ಅನ್ನುವುದು ನಮ್ಮ ಕಡೆಯವರಿಗೆಲ್ಲ ಗೊತ್ತು.

ದೊಡ್ಡಪ್ಪನ ಕಥೆ ಇಲ್ಲೇ ಬರುತ್ತದೆ. ಕುಂದಗೋಳ ಹತ್ತಿರದ ಹಳ್ಳಿ. ಮುಲ್ಕಿ ಪರೀಕ್ಷೆಯಲ್ಲಿ ಊರಿಗೇ ಮೊದಲು. ಗಣಿತದಲ್ಲಿ ಮಾಸ್ತರರನ್ನೇ ಸುಸ್ತು ಮಾಡುತ್ತಿದ್ದರಂತೆ. ಆಮೇಲೆ ಹುಬ್ಬಳ್ಳಿಯಲ್ಲಿ ಹೈಸ್ಕೂಲು. ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ರಾಜ್ಯದಲ್ಲಿ ಇಂಗ್ಲಿಷ್ ಪಾಠವನ್ನು ಕೆಳಗಿನ ತರಗತಿಗಳಿಂದ ತೆಗೆದು ಎಂಟನೇ ಇಯತ್ತೆಯಿಂದ ಶುರುಮಾಡುತ್ತಿದ್ದರು. ಮಕ್ಕಳು ತಾಯಿನುಡಿಯಲ್ಲೇ ಕಲಿಯಲಿ ಅಂತ. ಒಳ್ಳೆಯ ಮಾತೇ! ಆದರೆ ಮೇಲೆ ಕಾಲೇಜಿನಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಇಂಟರ್ ಸೈನ್ಸೂ ಇಂಗ್ಲಿಷಿನಲ್ಲಿ, ಎಂಜಿನಿಯರಿಂಗೂ ಇಂಗ್ಲಿಷಿನಲ್ಲಿ. ಕೆಳಗಿನ ನಾಲ್ಕು ಮೆಟ್ಟಿಲು ತೆಗೆದು, ಮಾಳಿಗೆ ಮಾತ್ರ ಅಲ್ಲೇ ಬಿಟ್ಟಂತೆ.

ದೊಡ್ಡಪ್ಪ ಎಸ್ಸೆಸ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದರು. ಎರಡನೇ ಸಲವೂ. ಮೂರನೇ ಸಲ ಕಟ್ಟಲು ಮನೆಯಲ್ಲಿ ದುಡ್ಡು ಇರಲಿಲ್ಲ. ವರ್ಕ್‌ಶಾಪಿಗೆ ಅಪ್ರೆಂಟಿಸ್ ಸೇರಿದರು. ಕಾಲೇಜು ವಿದ್ಯಾನಗರದಲ್ಲಿ, ವರ್ಕ್‌ಶಾಪ್ ಗದಗ ರೋಡಿಗೆ. ಸೈಕಲ್ ತುಳಿದರೆ ಒಂದು ತಾಸೂ ಬೇಡ. ಅಷ್ಟು ದೂರವನ್ನು ಅವರು ಜೀವನಪೂರ್ತಿ ದಾಟಲಿಲ್ಲ. ರಿಟೈರ್ ಆಗುವ ತನಕ ಡಿಗ್ರಿ ಮುಗಿಸಿ ಬಂದ ಎಳೆಯ ಹುಡುಗರಿಗೆ ಲೇತ್ ತೋರಿಸಿ ಕೊಡುತ್ತಿದ್ದರು. ಆ ಹುಡುಗರು ಸಾಹೇಬರು, ಇವರು ಟರ್ನರ್.

*

ನಿಯಮದ ಪುಸ್ತಕದಲ್ಲಿ ಎಲ್ಲೂ ಬರೆಯದ ಇನ್ನೊಂದು ಷರತ್ತು ಇತ್ತು: ಹುಡುಗ ಆಗಿರಬೇಕು.

ಬಿವಿಬಿ ಶುರುವಾದ ಅದೇ 1947ರಲ್ಲಿ, ದೂರದ ಬಂಗಾಳದ ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜು ಹುಡುಗಿಯರಿಗೂ ಬಾಗಿಲು ತೆರೆಯಿತು. ಇಬ್ಬರು ಸೇರಿದರು, ಒಬ್ಬರು ನಡುವೆ ಬಿಟ್ಟರು, ಇನ್ನೊಬ್ಬರು ಇಲಾ ಘೋಷ್ (ಮದುವೆಯಾದ ಮೇಲೆ ಮಜುಮ್ದಾರ್). ಅವರಿಗೆ ಸಿವಿಲ್ ಬೇಕಿತ್ತು. ಬಿಸಿಲಲ್ಲಿ ತಿರುಗುವ ಕೆಲಸ, ಹೆಣ್ಣುಮಕ್ಕಳಿಗೆ ಕಷ್ಟ ಅಂತ ಪ್ರಿನ್ಸಿಪಾಲರು ಬೇಡ ಅಂದರು. ಹಾಗಾಗಿ ಮೆಕ್ಯಾನಿಕಲ್ ತೆಗೆದುಕೊಂಡರು! 1951ರಲ್ಲಿ ಪಾಸಾಗಿ ಮೆಕ್ಯಾನಿಕಲ್ ಎಂಜಿನಿಯರ್ ಆದರು. ಇವತ್ತು ನಮ್ಮ ಮನೆಗಳಲ್ಲಿ "ಮೆಕ್ಯಾನಿಕಲ್ ಹುಡ್ಗ್ಯಾರಿಗೆ ಅಲ್ಲ" ಅನ್ನುವ ಹಿರಿಯರಿಗೆ ಇದನ್ನು ಹೇಳಬೇಕು. ಎಪ್ಪತ್ತೈದು ವರ್ಷದ ಹಿಂದೆ ಅದೇ ಹೆಣ್ಣುಮಕ್ಕಳಿಗೆ ಹಗುರವಾದ ಬ್ರಾಂಚ್ ಆಗಿತ್ತು.

ನಮ್ಮೂರಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ಅರವತ್ತರ ದಶಕದ ಕೊನೆಗೆ ಬಿವಿಬಿ ಸೇರಿದರು, ಎಲೆಕ್ಟ್ರಿಕಲ್ಲಿಗೆ. ಇಡೀ ಕಾಲೇಜಿಗೆ ಒಬ್ಬಳೇ ಹುಡುಗಿ. ಸೀಟು ಕೊಡುವಾಗ ಪ್ರಿನ್ಸಿಪಾಲರು ಮೂರು ಷರತ್ತು ಹಾಕಿದ್ದನ್ನು ಅವರೇ ಎಷ್ಟೋ ಕಡೆ ಹೇಳಿದ್ದಾರೆ: ಸೀರೆ ಉಟ್ಟುಕೊಂಡು ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ. ನನಗೆ ಆ ಮೂರು ಷರತ್ತಿಗಿಂತ ಈ ನಾಲ್ಕನೆಯದೇ ದೊಡ್ಡದು ಅನ್ನಿಸುತ್ತದೆ. ಷರತ್ತನ್ನು ಯಾರೋ ಬಾಯಿಬಿಟ್ಟು ಹೇಳಿದರು. ಶೌಚಾಲಯ ಕಟ್ಟದೆ ಇದ್ದದ್ದನ್ನು ಯಾರೂ ಹೇಳಬೇಕಾಗಿಯೂ ಬರಲಿಲ್ಲ. ಪದವಿ ಮುಗಿಸಿ ಮೆಡಲ್ ತೆಗೆದುಕೊಂಡರು, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ. ಮಾಡಿದರು. ಆಮೇಲೂ ಟೆಲ್ಕೊ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕುವುದು ಬೇಡ ಅಂತಿತ್ತು. ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದದ್ದು ಆಗಲೇ.

*

ಈ ನಡುವೆ ಬರೆದ ನಿಯಮಗಳೂ ಸುಮಾರು ಸಲ ಮಗ್ಗುಲು ಬದಲಿಸಿದವು. ಇಂಟರ್ ಹೋಗಿ ಒಂದು ವರ್ಷದ ಪಿಯುಸಿ ಬಂತು, ಅದರ ಮೇಲೆ ಐದು ವರ್ಷದ ಬಿ.ಇ. ಕೊಠಾರಿ ಆಯೋಗದ (1964-66) ಮಾತಿನಂತೆ ಹತ್ತು ಕೂಡಿಸು ಎರಡರ ಲೆಕ್ಕ ಶುರುವಾಗಿ ಪಿಯುಸಿ ಎರಡು ವರ್ಷದ್ದಾಯಿತು, ಕ್ರಮೇಣ ಬಿ.ಇ. ನಾಲ್ಕಕ್ಕಿಳಿಯಿತು. 1979ರಲ್ಲಿ ಧಾರವಾಡದ ಧವಳಗಿರಿಯಲ್ಲಿ ಎಸ್.ಡಿ.ಎಂ. ಕಾಲೇಜು ಬಂತು.

ಆಗಿನ ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಅವುಗಳ ಜೊತೆಗೆ ಕ್ಯಾಪಿಟೇಶನ್ ಅನ್ನುವ ಪದ ಹಳ್ಳಿಯ ಕಟ್ಟೆಯವರೆಗೂ ಬಂತು. ಉತ್ತರದ ರಾಜ್ಯಗಳಿಂದ ಹುಡುಗರು ಸೂಟ್‌ಕೇಸ್ ಹಿಡಿದು ಬರುತ್ತಿದ್ದ ಕಾಲ ಅದು. 1984ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂತು. ಕಾನೂನು ಬಂದ ಮೇಲೂ ಏನಾಯಿತು ಅಂತ ನೀವೇ ನಿಮ್ಮ ಹಿರಿಯರನ್ನು ಕೇಳಿ. 1992ರಲ್ಲಿ ಮೋಹಿನಿ ಜೈನ್ ಕೇಸು (ಅದು ನಮ್ಮ ರಾಜ್ಯದ್ದೇ, ತುಮಕೂರಿನ ಮೆಡಿಕಲ್ ಸೀಟಿನದು), ಮರುವರ್ಷ ಉನ್ನಿಕೃಷ್ಣನ್ ಕೇಸು, ಸುಪ್ರೀಂ ಕೋರ್ಟು ಫ್ರೀ ಸೀಟು-ಪೇಮೆಂಟ್ ಸೀಟು ಅಂತ ವಿಂಗಡಿಸಿತು. 1994ರಲ್ಲಿ ಸಿಇಟಿ ಬಂತು.

ಸಿಇಟಿಯನ್ನು ಬೈಯುವವರು ಬಹಳ. ಕೋಚಿಂಗ್ ಅಂಗಡಿಗಳು ಹುಟ್ಟಿದ್ದು ಅದರಿಂದ, ಸರಿಯೇ. ಆದರೆ ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಹಳ್ಳಿಯ ಹುಡುಗರಿಗೆ ನಿಜವಾಗಿ ಬಾಗಿಲು ತೆರೆದದ್ದು ಇದೇ. ಯಾರ ಮಗ ಅಂತ ಕೇಳದ ಒಂದು ರ‍್ಯಾಂಕು. ಅದರ ಜೊತೆಗೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದ್ದೇನೆ ಅಂತ ಹೆಡ್‌ಮಾಸ್ತರರ ಸಹಿ ಹಾಕಿಸಿಕೊಂಡು ಕೌನ್ಸೆಲಿಂಗಿಗೆ ಹೋದವರು ನಿಮ್ಮಲ್ಲೂ ಇರಬಹುದು. ನಮ್ಮ ದೊಡ್ಡಪ್ಪನಿಗೆ ಯಾವುದು ಅಡ್ಡವಾಗಿತ್ತೋ ಅದಕ್ಕೇ ಇಲ್ಲಿ ಒಂದಿಷ್ಟು ಜಾಗ ಸಿಕ್ಕಿತು.

ಸಿಕ್ಕಿದ್ದು ಒಳಗೆ ಹೋಗಲು ಮಾತ್ರ. ಒಳಗೆ ಹೋದ ಮೇಲೆ?

ನನ್ನದೇ ಹೇಳುತ್ತೇನೆ. ನಾನು ಸಿಇಟಿ ದಾರಿಯಲ್ಲಿ ಬಂದವನಲ್ಲ. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಮೂರು ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ, 2003ರಲ್ಲಿ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಮೂರನೇ ಸೆಮಿಸ್ಟರಿಗೆ ನೇರ ಪ್ರವೇಶ. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಆಗಿ ಎಲ್ಲ ಕಾಲೇಜುಗಳೂ ಅದರ ಕೆಳಗೆ ಬಂದಿದ್ದವು. (ಬಿವಿಬಿ ಆಮೇಲೆ ಸ್ವಾಯತ್ತವಾಗಿ, ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ ಆಗಿದೆ. ಆಟೋದವರಿಗೆ ಮಾತ್ರ ಇನ್ನೂ ಬಿವಿಬಿಯೇ.)

ಡಿಪ್ಲೊಮಾದ ಮೊದಲ ಸೆಮಿಸ್ಟರಿನಲ್ಲಿ 'ಮೊಮೆಂಟ್' ಅನ್ನುವ ಪದ ಬಂತು. ಡಿಕ್ಷನರಿ ತೆಗೆದು ನೋಡಿದೆ: ಕ್ಷಣ. 'ಮೊಮೆಂಟ್ ಆಫ್ ಇನರ್ಷಿಯಾ'? ಜಡತ್ವದ ಕ್ಷಣ! ಮೂರು ವಾರ ನಾನು ಅದನ್ನು ಸಮಯಕ್ಕೆ ಸಂಬಂಧಪಟ್ಟದ್ದು ಅಂತಲೇ ತಿಳಿದು ಬಾಯಿಪಾಠ ಮಾಡುತ್ತಿದ್ದೆ. ದೊಡ್ಡಪ್ಪನನ್ನು ಕೇಳಿದೆ. ಅವರು ಇಂಗ್ಲಿಷ್ ಪದ ಬಿಟ್ಟು ಬಾವಿಯ ಗಾಲಿ ತೋರಿಸಿದರು. "ಭಾರ ನಡುಕ ಇದ್ರ ಗಾಲಿ ಲಗೂನ ತಿರಗತದ. ಅದೇ ಭಾರ ಅಂಚಿಗೆ ಹಾಕಿ ನೋಡು, ತಿರಗಸೂದು ಕಷ್ಟ, ನಿಂದ್ರಸೂದೂ ಕಷ್ಟ. ಅದನ್ನ ಇವ್ರು ಏನರ ಅನ್ಲಿ." ಎಸ್ಸೆಸ್ಸಿ ಫೇಲಾದ ಮನುಷ್ಯ ಎರಡು ವಾಕ್ಯದಲ್ಲಿ ಹೇಳಿದ್ದು, ಕ್ಲಾಸಿನಲ್ಲಿ ಮೂರು ವಾರದಿಂದ ನನಗೆ ತಿಳಿದಿರಲಿಲ್ಲ.

ಬಿ.ಇ.ಗೆ ಬಂದಾಗ ಇನ್ನೊಂದು. ಲ್ಯಾಟರಲ್ ಎಂಟ್ರಿಯವರಿಗೆ ಗಣಿತದ ಎರಡು ಹೆಚ್ಚಿನ ಪೇಪರು. ಮಾರ್ಕ್ಸು ಕಾರ್ಡಿನಲ್ಲಿ 'ಮ್ಯಾಟ್‌ಡಿಪ್' ಅಂತ ಕೋಡು. ಅದರ ಅಂಕ ಟೋಟಲ್ಲಿಗೆ ಸೇರುವುದಿಲ್ಲ, ಆದರೆ ಪಾಸಾಗದಿದ್ದರೆ ಡಿಗ್ರಿ ಇಲ್ಲ! ಪಿಯುಸಿಯವರು ಮೊದಲ ವರ್ಷ ಓದಿದ್ದನ್ನು ನಾವು ಓದಿರಲಿಲ್ಲವಲ್ಲ, ಅದಕ್ಕೆ. ಸರಿಯಾದ ನಿಯಮವೇ. ನಮಗೆ ಲೇತು, ಮಿಲ್ಲಿಂಗು, ವೆಲ್ಡಿಂಗು ಬರುತ್ತಿತ್ತು, ಇಂಟಿಗ್ರೇಶನ್ ಬರುತ್ತಿರಲಿಲ್ಲ. ಅವರಿಗೆ ಇಂಟಿಗ್ರೇಶನ್ ಬರುತ್ತಿತ್ತು, ವೈಸಿನಲ್ಲಿ ಹ್ಯಾಕ್ಸಾ ಸರಿಯಾಗಿ ಎಳೆಯಲು ಬರುತ್ತಿರಲಿಲ್ಲ. ಗಣಿತ ಬಾರದವರಿಗೆ ಹೆಚ್ಚಿನ ಎರಡು ಪೇಪರು ಇತ್ತು, ಹ್ಯಾಕ್ಸಾ ಬಾರದವರಿಗೆ ಯಾವ ಪೇಪರೂ ಇರಲಿಲ್ಲ. ಇದನ್ನು ನಾನು ಓದಿದ ಕಾಲೇಜಿನಲ್ಲಿ (ಹೆಸರು ಬೇಡ ಬಿಡಿ) ಒಬ್ಬ ಮೇಷ್ಟ್ರಿಗೆ ಹೇಳಿದ್ದೆ. "ನೀವು ಡಿಪ್ಲೊಮಾದವ್ರು ಹಿಂಗ ಮಾತಾಡ್ತೀರಿ" ಅಂದರು. ಆ 'ಡಿಪ್ಲೊಮಾದವ್ರು' ಅನ್ನುವ ಮಾತಿನಲ್ಲಿ ನನಗೆ ಗದಗ ರೋಡಿನ ಸೈರನ್ ಕೇಳಿಸಿತು.

*

ಈಗಿನ ಕಥೆ ಬೇರೆಯೇ. 2016ರಲ್ಲಿ ಐಐಟಿ ಧಾರವಾಡ ವಾಲ್ಮಿ ಆವರಣದಲ್ಲಿ ಶುರುವಾದಾಗ ಇದ್ದ ಮೂರು ಬ್ರಾಂಚುಗಳಲ್ಲಿ ಮೆಕ್ಯಾನಿಕಲ್ ಒಂದು. 2023ರ ಮಾರ್ಚಿನಲ್ಲಿ ಸ್ವಂತ ಕ್ಯಾಂಪಸ್ ಉದ್ಘಾಟನೆಯೂ ಆಯಿತು. ಆದರೆ ಸಿಇಟಿ ಕೌನ್ಸೆಲಿಂಗಿನಲ್ಲಿ ಎಲ್ಲರೂ ಕಂಪ್ಯೂಟರ್ ಸೈನ್ಸಿನ ಹಿಂದೆ. ಮೆಕ್ಯಾನಿಕಲ್ ಸೀಟುಗಳು ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಖಾಲಿ ಬೀಳುತ್ತಿವೆ. ಪುಣೆಗೆ ರೈಲು ಹತ್ತಿ ಹೋಗುತ್ತಿದ್ದ ಸೀಟು, ದೊಡ್ಡಪ್ಪನಿಗೆ ದಕ್ಕದ ಸೀಟು, ಈಗ ಕೇಳುವವರಿಲ್ಲ.

ನಿಯಮಗಳನ್ನೂ ಸಡಿಲ ಮಾಡುವ ಪ್ರಯತ್ನ ನಡೆದಿದೆ. 2021ರಲ್ಲಿ ಎಐಸಿಟಿಇ ಹದಿನಾಲ್ಕು ವಿಷಯಗಳ ಪಟ್ಟಿ ಕೊಟ್ಟು ಅದರಲ್ಲಿ ಯಾವುದಾದರೂ ಮೂರು ಓದಿದ್ದರೆ ಸಾಕು ಅಂದಿತು. ಫಿಸಿಕ್ಸ್, ಮ್ಯಾಥ್ಸ್ ಇಲ್ಲದೆ ಎಂಜಿನಿಯರೇ ಅಂತ ದೊಡ್ಡ ಗದ್ದಲ ಆಯಿತು. ರಾಜ್ಯಗಳಿಗೆ ಕಡ್ಡಾಯವಲ್ಲ ಅಂತ ಸಮಜಾಯಿಷಿ ಕೊಟ್ಟರು. ಗಣಿತ ಗೊತ್ತಿಲ್ಲದೆ ಮೆಕ್ಯಾನಿಕಲ್ ಆಗುವುದಿಲ್ಲ, ಅದು ಖರೆ. ಮ್ಯಾಟ್‌ಡಿಪ್ ಬರೆದವನ ಮಾತು ನಂಬಿ. ಆದರೆ ಅದನ್ನು ಹದಿನೆಂಟಕ್ಕೆ ಮೊದಲೇ ಕಲಿತಿರಬೇಕು ಅಂತ ಏನಿಲ್ಲ.

ಅದೇ 2021ರಲ್ಲಿ ಕನ್ನಡದಲ್ಲೇ ಎಂಜಿನಿಯರಿಂಗ್ ಓದಲು ರಾಜ್ಯದ ಕೆಲವು ಕಾಲೇಜುಗಳಿಗೆ ಅನುಮತಿ ಸಿಕ್ಕಿತು. ನಾನು ಖುಷಿಯಿಂದ ಕುಣಿದಿದ್ದೆ. ಸೇರಿದವರು ಬೆರಳೆಣಿಕೆಯಷ್ಟು. ಕನ್ನಡದವರಿಗೆ ಅಭಿಮಾನ ಇಲ್ಲ ಅಂತ ಬೈಯುವ ಮೊದಲು ಒಂದು ಯೋಚಿಸಿ. ಮನೆಯ ಎಲ್ಲ ಆಸೆ ಹೊತ್ತು ಬಂದ ಹುಡುಗ, ಪುಸ್ತಕ ಇನ್ನೂ ಸಾಕಷ್ಟು ಬಾರದ, ಕಂಪನಿಯ ಇಂಟರ್‌ವ್ಯೂ ಯಾವ ಭಾಷೆಯಲ್ಲಿ ಅಂತ ಗೊತ್ತಿರುವ ಕೋರ್ಸಿಗೆ ತನ್ನ ನಾಲ್ಕು ವರ್ಷ ಯಾಕೆ ಒತ್ತೆ ಇಡಬೇಕು? ಎಂಟನೇ ಇಯತ್ತೆಯವರೆಗೆ ಇಂಗ್ಲಿಷ್ ತೆಗೆದ ಹಳೆಯ ಮುಂಬೈ ಸರಕಾರ ಕೆಳಗಿನ ಮೆಟ್ಟಿಲು ತೆಗೆದಿತ್ತು. ಇಲ್ಲಿ ನಡುವಿನ ಮೆಟ್ಟಿಲು ಕಟ್ಟಿದ್ದಾರೆ, ಮೇಲಿನದೂ ಇಲ್ಲ, ಕೆಳಗಿನದೂ ಗಟ್ಟಿ ಇಲ್ಲ. ನನಗೇನೋ ಪೂರ್ತಿ ಕನ್ನಡ ಕೋರ್ಸಿಗಿಂತ ಮೊದಲ ವರ್ಷದಲ್ಲಿ ಮೇಷ್ಟ್ರು 'ಮೊಮೆಂಟ್' ಅಂದರೆ ಕ್ಷಣ ಅಲ್ಲ ಅಂತ ಕನ್ನಡದಲ್ಲಿ ಒಂದು ಮಾತು ಹೇಳಿದರೆ ಹೆಚ್ಚು ಉಪಕಾರ ಅನ್ನಿಸುತ್ತದೆ. ವಿಟಿಯುದಲ್ಲಿ ಈಗ ಕನ್ನಡಿಗರಿಗೆ ಸಾಂಸ್ಕೃತಿಕ ಕನ್ನಡ, ಹೊರಗಿನವರಿಗೆ ಬಳಕೆ ಕನ್ನಡ ಅಂತ ಪೇಪರುಗಳಿವೆ. ಇರಲಿ, ಒಳ್ಳೆಯದು. ಆ ಪುಸ್ತಕದಲ್ಲಿ ಬಾವಿಯ ಗಾಲಿಗೂ ಒಂದು ಪುಟ ಕೊಡಬಹುದಿತ್ತು.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಐವತ್ತು ಅರವತ್ತರ ದಶಕದಲ್ಲಿ ಬಿವಿಬಿಯಲ್ಲಿ ಓದಿದ ಹಿರಿಯರು ಇದ್ದರೆ, ಅವರ ಹಳೆಯ ಪ್ರಾಸ್ಪೆಕ್ಟಸ್, ಮಾರ್ಕ್ಸು ಕಾರ್ಡು, ಟ್ರಂಕಿನಲ್ಲಿ ಏನಾದರೂ ಉಳಿದಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಇದ್ದವರ ನೆನಪುಗಳು ಸಿಕ್ಕರಂತೂ ಇನ್ನೂ ಸಂತೋಷ.

ಅಣ್ಣನ ಮಗಳು ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಆಪ್ಶನ್ ಎಂಟ್ರಿಯಲ್ಲಿ ಮೊದಲನೆಯದಕ್ಕೆ ಮೆಕ್ಯಾನಿಕಲ್ಲೇ ಹಾಕುತ್ತಾಳಂತೆ. ವೈನಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ದೊಡ್ಡಪ್ಪನ ಇಂಚಿನ ಮೈಕ್ರೋಮೀಟರ್ ಅಟ್ಟದ ಮೇಲೆ ಇನ್ನೂ ಇದೆ, ಈ ಭಾನುವಾರ ಇಳಿಸಿ ಎಣ್ಣೆ ಹಚ್ಚಬೇಕು.